ದೇಶಾಂತರಸ್ಥನಾದ ನಿರುದ್ಯೋಗಿಯ ಅಧಿಕಾರವಿಚಾರ

೧. ವಿಷಯಪ್ರವೇಶ

ಬೆಂಗಳೂರಿನ ಪಶ್ಚಿಮಭಾಗದಲ್ಲಿ ವಾಸಮಾಡತಕ್ಕವರಿಗೆ ಕಾರ್ಖಾನೆಯ ಸುಖದುಃಖಗಳು ಪರಕೀಯವಾದುವಲ್ಲ. ಒಂದು ಕಡೆ ಪೀಣ್ಯದ ಕೈಗಾರಿಕಾ ಪ್ರದೇಶ. ಮತ್ತೊಂದು ಕಡೆ ಕೆಂಗೇರಿಯನ್ನು ದಾಟಿ ಬಿಡದಿಯವರೆಗೆ ಹಬ್ಬಿರುವ ಮೈಸೂರು ರಸ್ತೆಯ ಕಾರ್ಖಾನೆಗಳು. ನಡುವೆ ರಾಜಾಜಿನಗರದ ಹಳೆಯ ಕೈಗಾರಿಕಾ ಎಸ್ಟೇಟು. ಈ ದುಡಿಮೆಗಾರರಿಗೆ ಕಾಯಿಲೆಯಾದರೆ ರಾಜಾಜಿನಗರದ ಇ. ಎಸ್. ಐ. ಆಸ್ಪತ್ರೆ; ಆ ವಿಮಾ ನಿಗಮದ ಪ್ರಾದೇಶಿಕ ಕಚೇರಿಯಾದರೋ ಬಿನ್ನಿಪೇಟೆಯಲ್ಲಿದೆ. ಹಾಗೆಯೇ ಈ ಭಾಗದ ಮನೆಗಳಲ್ಲಿ ಮಕ್ಕಳೊಬ್ಬರು ಅಮೆರಿಕದಲ್ಲೋ ಜರ್ಮನಿಯಲ್ಲೋ ದುಬೈಯಲ್ಲೋ ಇರುವುದೂ ಈಗ ಅಪರೂಪವಲ್ಲ. ತಂದೆಯು ಕಾರ್ಖಾನೆಯಲ್ಲಿ, ಮಗಳು ವಿದೇಶದಲ್ಲಿ. ಈ ಎರಡು ಸಂಗತಿಗಳು ಒಂದೇ ಮನೆಯಲ್ಲಿ ಕೂಡಿದಾಗ ಹುಟ್ಟಿದ ಒಂದು ಪ್ರಶ್ನೆಯೇ ಪ್ರಕೃತ ಲೇಖನಕ್ಕೆ ಕಾರಣವಾಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ನೆರೆಯವರೊಬ್ಬರು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಕಾರ್ಖಾನೆಯಲ್ಲಿ ದುಡಿದು ಆಗತಾನೆ ಕೆಲಸ ಕಳೆದುಕೊಂಡಿದ್ದವರು, ಒಂದು ಕಾಗದದ ಕಟ್ಟನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. “ಶಾಸ್ತ್ರಿಗಳೆ, ಕೆಲಸ ಹೋದವರಿಗೆ ಮೂರು ತಿಂಗಳು ಅರ್ಧ ಸಂಬಳ ಕೊಡುತ್ತಾರಂತೆ. ಮಗಳ ಬಾಣಂತನಕ್ಕೆ ನಾವಿಬ್ಬರೂ ಜರ್ಮನಿಗೆ ಹೋಗಬೇಕು. ಟಿಕೀಟು ಅವಳೇ ತೆಗೆಸಿದ್ದಾಳೆ. ನಾನು ಊರಲ್ಲಿ ಇಲ್ಲದಿದ್ದರೆ ಈ ದುಡ್ಡು ತಪ್ಪಿಹೋಗುತ್ತದೆಯೆ? ಒಬ್ಬರು ಹೌದು ಅಂತಾರೆ, ಒಬ್ಬರು ಇಲ್ಲ ಅಂತಾರೆ. ನೀವು ಓದಿ ಹೇಳಿ” ಎಂದು ಕೇಳಿದರು. ಕಾನೂನು ನನ್ನ ಶಾಸ್ತ್ರವಲ್ಲ. ಆದರೂ ವಾಕ್ಯದ ಅರ್ಥವನ್ನು ನಿರ್ಣಯಿಸುವುದೇ ಪಾಠಶಾಲೆಯಲ್ಲಿ ನಾವು ಕಲಿತ ಕೆಲಸವಾದುದರಿಂದ, ಅವರ ಕಾಗದಗಳನ್ನು ಇರಿಸಿಕೊಂಡು ಓದಿದೆನು. ಓದಿದಷ್ಟೂ ಇದು ಮೀಮಾಂಸಕರು ‘ಅಧಿಕಾರ’ವೆಂದು ಕರೆಯುವ ವಿಚಾರವೇ ಹೊರತು ಬೇರೆಯಲ್ಲವೆಂದು ತೋರಿತು. ಆ ವಿಚಾರವನ್ನು ವಿದ್ವಜ್ಜನರ ಮುಂದಿಡುವುದೇ ಈ ಲೇಖನದ ಉದ್ದೇಶ.

೨. ಶಬ್ದವಿಚಾರ

ಮೊದಲು ಮೂರು ಶಬ್ದಗಳನ್ನು ಪರಿಶೀಲಿಸತಕ್ಕದ್ದು.

‘ಉದ್ಯೋಗ’ವೆಂಬುದು ಉತ್ ಎಂಬ ಉಪಸರ್ಗವನ್ನು ಕೂಡಿದ ಯುಜ್ ಧಾತುವಿನಿಂದ ಬಂದುದು. ಸಂಸ್ಕೃತದಲ್ಲಿ ಅದಕ್ಕೆ ಪ್ರಯತ್ನ, ಉತ್ಸಾಹ ಎಂಬುದೇ ಮುಖ್ಯಾರ್ಥ. ಆದುದರಿಂದ ಆ ಭಾಷೆಯಲ್ಲಿ ‘ನಿರುದ್ಯೋಗಿ’ ಎಂದರೆ ಪ್ರಯತ್ನಹೀನನು, ಸೋಮಾರಿ. ಕನ್ನಡದಲ್ಲಿ ಉದ್ಯೋಗಶಬ್ದವು ನೌಕರಿ, ಜೀವನೋಪಾಯ ಎಂಬ ಅರ್ಥದಲ್ಲಿ ನೆಲೆಗೊಂಡಿತು. ಅದರೊಡನೆ ನಿರುದ್ಯೋಗಿಯ ಅರ್ಥವೂ ತಿರುಗಿ, ಪ್ರಯತ್ನಪಟ್ಟರೂ ಕೆಲಸ ದೊರೆಯದವನೆಂದಾಯಿತು. ಒಂದೇ ಶಬ್ದವು ಒಂದು ಭಾಷೆಯಲ್ಲಿ ದೋಷವನ್ನೂ ಮತ್ತೊಂದರಲ್ಲಿ ದುರವಸ್ಥೆಯನ್ನೂ ಹೇಳುವುದಾಯಿತು. ಈ ಎರಡರ್ಥಗಳ ನಡುವಣ ಅಂತರವೇ ನಿರುದ್ಯೋಗಭತ್ಯೆಯ ಕಾನೂನಿನ ಮರ್ಮವಾಗಿದೆ. ಏತಕ್ಕೆಂದರೆ, ಕನ್ನಡದ ಅರ್ಥದಲ್ಲಿ ನಿರುದ್ಯೋಗಿಯಾಗಿದ್ದು ಸಂಸ್ಕೃತದ ಅರ್ಥದಲ್ಲಿ ನಿರುದ್ಯೋಗಿಯಲ್ಲದವನಿಗೆ ಮಾತ್ರವೇ ಲೋಕದ ಬಹುತರ ಕಾನೂನುಗಳು ಭತ್ಯೆಯನ್ನು ವಿಧಿಸಿವೆ. ಕೆಲಸವಿಲ್ಲದಿರಬೇಕು; ಆದರೆ ಕೆಲಸಕ್ಕೆ ಎದ್ದು ನಿಂತಿರಬೇಕು.

‘ಭತ್ಯೆ’ ಎಂಬುದು ಅನ್ನವೆಂಬರ್ಥದ ‘ಭಕ್ತ’ಶಬ್ದಕ್ಕೆ ಸಂಬಂಧಪಟ್ಟುದೆಂದು ತೋರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಭಕ್ತವೇತನಗಳು ಜೊತೆಜೊತೆಯಾಗಿ ಬರುವುದು ತಿಳಿದ ವಿಷಯವೇ ಆಗಿದೆ. ವೇತನವು ಮಾಡಿದ ಕೆಲಸಕ್ಕೆ. ಭಕ್ತವು ಕೆಲಸಗಾರನು ಬದುಕಿರುವುದಕ್ಕೆ. ಭತ್ಯೆಯು ಈ ಎರಡನೆಯ ಜಾತಿಯದೆಂಬುದನ್ನು ನೆನಪಿನಲ್ಲಿಡಬೇಕು.

‘ಅಧಿಕಾರ’ವೆಂದರೆ ಇಂದಿನ ಮಾತಿನಲ್ಲಿ ದರ್ಪವುಳ್ಳ ಹುದ್ದೆ. ಮೀಮಾಂಸಾಶಾಸ್ತ್ರದಲ್ಲಾದರೋ ಅದು ಫಲಸ್ವಾಮ್ಯ. ಎಂದರೆ ಒಂದು ಕರ್ಮದ ಫಲಕ್ಕೆ ಒಡೆಯನಾಗುವ ಯೋಗ್ಯತೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯವೆಲ್ಲವೂ ಇದರ ವಿಚಾರಕ್ಕೇ ಮೀಸಲಾಗಿದೆ. ಅಧಿಕಾರಿಯಾದವನು ಅರ್ಥಿಯಾಗಿರಬೇಕು, ಸಮರ್ಥನಾಗಿರಬೇಕು, ತಿಳಿದವನಾಗಿರಬೇಕು, ಶಾಸ್ತ್ರದಿಂದ ಹೊರಗಿಡಲ್ಪಟ್ಟವನಾಗಿರಕೂಡದು ಎಂಬುದು ಅಲ್ಲಿಯ ಸಂಗ್ರಹ. ಇಂದಿನ ಕಚೇರಿಗಳವರು ‘ಅರ್ಹತೆ’ ಎಂದು ಬರೆಯುವುದು ಇದನ್ನೇ. ಪ್ರಶ್ನೆಯಿಷ್ಟೆ: ದೇಶದಿಂದ ಹೊರಗಿರುವುದು ಈ ಅಧಿಕಾರವನ್ನು ಕೆಡಿಸುವುದೆ?

೩. ವಿಧಿವಾಕ್ಯಗಳು

ಒಂದೊಂದು ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿರುವುವು. ಅವುಗಳಲ್ಲಿ ಮೊದಲನೆಯದಾದ ವಿಷಯವನ್ನು, ಎಂದರೆ ನಮ್ಮ ದೇಶದ ವಿಧಿವಾಕ್ಯಗಳನ್ನು, ಇಲ್ಲಿ ಸಂಗ್ರಹಿಸುತ್ತೇನೆ.

ಭಾರತದಲ್ಲಿ ಕೆಲಸವಿಲ್ಲದವರೆಲ್ಲರಿಗೂ ಸಲ್ಲುವ ಒಂದೇ ಸಾರ್ವತ್ರಿಕ ಭತ್ಯೆಯಿಲ್ಲ. ಬೇರೆಬೇರೆ ಮೂಲಗಳಿಂದ ಬಂದ ಮೂರು ಬಗೆಯ ವ್ಯವಸ್ಥೆಗಳನ್ನು ನಮ್ಮ ನಗರದ ದುಡಿಮೆಗಾರನು ಅಥವಾ ಪದವೀಧರನು ಎದುರಿಸುವನು.

ಮೊದಲನೆಯದು ಲೇ-ಆಫ್ ಪರಿಹಾರ. ೧೯೪೭ರ ಕೈಗಾರಿಕಾ ವಿವಾದಗಳ ಕಾನೂನಿಗೆ ೧೯೫೩ರಲ್ಲಿ ಇದನ್ನು ಸೇರಿಸಲಾಯಿತು. ಹಾಜರಿಪಟ್ಟಿಯಲ್ಲಿ ಹೆಸರುಳ್ಳ ಕೆಲಸಗಾರನು ನಿಗದಿಯಾದ ಹೊತ್ತಿಗೆ ಕಾರ್ಖಾನೆಗೆ ಬಂದು, ಎರಡು ಗಂಟೆಯೊಳಗೆ ಅವನಿಗೆ ಕೆಲಸ ಕೊಡದೆ ಹೋದರೆ, ಆ ದಿನ ಅವನನ್ನು ಲೇ-ಆಫ್ ಮಾಡಿದಂತೆಯೇ ಎಣಿಕೆ. ಒಂದು ವರ್ಷದ ಸತತಸೇವೆಯೇ ಮೊದಲಾದ ಅರ್ಹತೆಗಳಿದ್ದವನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಗಳ ಮೊತ್ತದಲ್ಲಿ ಅರ್ಧಭಾಗವು ಪರಿಹಾರವಾಗಿ ಸಲ್ಲುತ್ತದೆ. ಆದರೆ ಲೇ-ಆಫಿನ ಕಾಲದಲ್ಲಿ ದಿನಕ್ಕೊಂದು ಬಾರಿಯಾದರೂ ಬಂದು ಹಾಜರಾಗದವನಿಗೆ ಆ ಪರಿಹಾರವಿಲ್ಲವೆಂದು ಸ್ಪಷ್ಟವಾದ ನಿಷೇಧವಿದೆ. ೧೯೪೭ರ ಕಾನೂನಿನ ಸ್ಥಾನಕ್ಕೆ ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ೨೦೨೫ನೆಯ ನವೆಂಬರ್ ೨೧ರಂದು ಬಂದಿತಾದರೂ, ಅರ್ಧವೇತನದ ವಿಧಿಯೂ ಹಾಜರಿಯ ನಿಯಮವೂ ಅದರಲ್ಲಿ ಉಳಿದುಕೊಂಡಿವೆ.

ಎರಡನೆಯದು ವಿಮೆಯಿಂದ ಬರತಕ್ಕದ್ದು. ೧೯೪೮ರ ಕಾರ್ಮಿಕರ ರಾಜ್ಯ ವಿಮಾ ಕಾನೂನು ೧೯೫೨ನೆಯ ಫೆಬ್ರವರಿ ೨೪ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲು ಕಾರ್ಯರೂಪಕ್ಕೆ ಬಂದಿತು. ಬೆಂಗಳೂರಿಗೆ ೧೯೫೮ರಲ್ಲಿ ಬಂದಿತು. ಅದು ಮೊದಲು ಕಾಯಿಲೆ, ಹೆರಿಗೆ, ಕೆಲಸದಲ್ಲಾಗುವ ಗಾಯ ಇವುಗಳಿಗೆ ಮಾತ್ರವಿದ್ದಿತು. ನಿರುದ್ಯೋಗಕ್ಕೆ ಭತ್ಯೆ ಬಂದುದು ೨೦೦೫ನೆಯ ಏಪ್ರಿಲ್ ೧ರಂದು, ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ಮೂಲಕ. ಬಳಿಕ ೨೦೧೮ನೆಯ ಜುಲೈ ೧ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಆರಂಭವಾಯಿತು. ನೆರೆಯವರ ಕೈಯಲ್ಲಿದ್ದುದು ಈ ಎರಡನೆಯದರ ಕಾಗದ. ವಿಮೆಗೊಳಪಟ್ಟವನ ಜೀವಮಾನದಲ್ಲಿ ಒಂದು ಸಲ, ೯೦ ದಿನಗಳಿಗೆ ಮೀರದಂತೆ, ಸರಾಸರಿ ದಿನಗಳಿಕೆಯ ನಾಲ್ಕನೆಯ ಒಂದು ಭಾಗವನ್ನು ಕೊಡುವುದೆಂದು ಮೊದಲು ಗೊತ್ತುಮಾಡಲಾಗಿದ್ದಿತು. ಕೋವಿಡ್ ಕಾಲದಲ್ಲಿ, ೨೦೨೦ನೆಯ ಮಾರ್ಚ್ ೨೪ರಿಂದ, ಅದನ್ನು ಅರ್ಧಭಾಗಕ್ಕೆ ಏರಿಸಿದರು. ತಿಂಗಳಿಗೆ ೧೮,೦೦೦ ರೂಪಾಯಿ ಪಡೆಯುತ್ತಿದ್ದವನಿಗೆ ದಿನದ ಗಳಿಕೆ ೬೦೦ ಎಂದಿಟ್ಟುಕೊಂಡರೆ, ದಿನಕ್ಕೆ ೩೦೦ರಂತೆ ೯೦ ದಿನಕ್ಕೆ ೨೭,೦೦೦ ರೂಪಾಯಿ. ಮನೆಬಾಡಿಗೆ ಕಟ್ಟುವವನಿಗೆ ಇದು ಸಣ್ಣ ಮೊತ್ತವಲ್ಲ. ಕೆಲಸ ಹೋಗುವುದಕ್ಕೆ ಮುಂಚೆ ಎರಡು ವರ್ಷ ವಿಮೆಯುಳ್ಳ ಕೆಲಸದಲ್ಲಿದ್ದು ನಿಗದಿಯಾದಷ್ಟು ದಿನಗಳ ವಂತಿಗೆ ಕಟ್ಟಿರಬೇಕು. ದುರ್ನಡತೆಯ ಶಿಕ್ಷೆಯಿಂದಾಗಲಿ ವಯೋನಿವೃತ್ತಿಯಿಂದಾಗಲಿ ಸ್ವಯಂನಿವೃತ್ತಿಯಿಂದಾಗಲಿ ಕೆಲಸ ಹೋಗಿರಬಾರದು. ಭತ್ಯೆ ಕೇಳುವ ಕಾಲದಲ್ಲಿ ನಿರುದ್ಯೋಗಿಯಾಗಿರಬೇಕು. ಎಣಿಸಿರುವ ಈ ಮುಖ್ಯ ಅರ್ಹತೆಗಳ ನಡುವೆ ‘ದೇಶದೊಳಗೇ ಇರಬೇಕು’ ಎಂಬ ಮಾತು ಕಾಣಿಸುವುದಿಲ್ಲ.

ಮೂರನೆಯದು ರಾಜ್ಯಸರಕಾರದ ಯುವನಿಧಿ. ೨೦೨೩ನೆಯ ಡಿಸೆಂಬರಿನಲ್ಲಿ ಇದರ ನೋಂದಣಿ ಆರಂಭವಾಗಿ, ೨೦೨೪ನೆಯ ಜನವರಿ ೧೨ರಂದು ಶಿವಮೊಗ್ಗದಲ್ಲಿ ಹಣ ಸಂದಾಯಕ್ಕೆ ಚಾಲನೆ ದೊರೆಯಿತು. ಪದವೀಧರರಿಗೆ ತಿಂಗಳಿಗೆ ೩,೦೦೦, ಡಿಪ್ಲೊಮಾ ಪಡೆದವರಿಗೆ ೧,೫೦೦ ರೂಪಾಯಿಯಂತೆ, ಕೆಲಸ ಸಿಕ್ಕುವವರೆಗೆ ಅಥವಾ ಎರಡು ವರ್ಷದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ. ಇದಕ್ಕೆ ವಂತಿಗೆಯಿಲ್ಲ. ತೇರ್ಗಡೆಯಾಗಿ ೧೮೦ ದಿನ ಕಳೆದರೂ ಕೆಲಸ ಸಿಕ್ಕದ ಕರ್ನಾಟಕದ ನಿವಾಸಿಗೇ ಇದು ಸಲ್ಲತಕ್ಕದ್ದು. ಉನ್ನತ ವ್ಯಾಸಂಗಕ್ಕೆ ಸೇರಿದವನಿಗೆ ಇಲ್ಲ. ತಾನು ಇನ್ನೂ ನಿರುದ್ಯೋಗಿಯೆಂದು ಫಲಾನುಭವಿಯು ನಿಯತಕಾಲಗಳಲ್ಲಿ ಸ್ವಯಂಘೋಷಣೆ ಮಾಡಬೇಕು.

೪. ಸಂಶಯ ಮತ್ತು ಪೂರ್ವಪಕ್ಷ

ಮೇಲ್ಕಂಡ ಮೂರರಲ್ಲಿ ಮೊದಲನೆಯದು ಸ್ಪಷ್ಟ. ಮೂರನೆಯದು ಬಹುಮಟ್ಟಿಗೆ ಸ್ಪಷ್ಟ. ಸಂಶಯ ಹುಟ್ಟುವುದು ನಡುವಣದರಲ್ಲಿ. ಅಲ್ಲಿ ಎರಡು ಪಕ್ಷಗಳು ಏಳುವುವು.

ಒಬ್ಬನು ಹೀಗೆನ್ನುವನು: ಅದೇ ೧೯೪೮ರ ಕಾನೂನು ಕಾಯಿಲೆಯ ಭತ್ಯೆಯನ್ನು ಹೇಳುವಾಗ, ಪಡೆಯುವವನು ಚಿಕಿತ್ಸೆಗೊಳಪಟ್ಟಿರಬೇಕೆಂದೂ ವೈದ್ಯಾಧಿಕಾರಿಯ ಅಪ್ಪಣೆಯಿಲ್ಲದೆ ಚಿಕಿತ್ಸೆಯ ಪ್ರದೇಶವನ್ನು ಬಿಟ್ಟುಹೋಗಕೂಡದೆಂದೂ ಬಾಯಿಬಿಟ್ಟು ವಿಧಿಸಿತು. ಸ್ಥಳನಿಯಮವನ್ನು ಬರೆಯಬೇಕೆಂದಾಗ ಬರೆಯಲು ಬಲ್ಲ ಕಾನೂನು, ನಿರುದ್ಯೋಗದ ಭತ್ಯೆಯಲ್ಲಿ ಬರೆಯದೆ ಬಿಟ್ಟುದರಿಂದ, ಅಲ್ಲಿ ಅಂತಹ ನಿಯಮವಿಲ್ಲವೆಂದೇ ಅರ್ಥ. ಹೇಳದ ನಿಷೇಧವನ್ನು ನಾವು ಕಲ್ಪಿಸಕೂಡದು.

ಮತ್ತೊಬ್ಬನು ಹೀಗೆನ್ನುವನು: ನಿರುದ್ಯೋಗಿ ಎಂಬ ಶಬ್ದದಲ್ಲಿಯೇ ನಿಯಮವು ಅಡಗಿದೆ. ಇಲ್ಲಿ ಕೆಲಸ ಬಂದರೆ ನಾಳೆ ಬೆಳಗ್ಗೆ ಹೋಗಿ ಸೇರಲಾರದವನು ಕೆಲಸವಿಲ್ಲದವನಲ್ಲ, ಕೆಲಸಕ್ಕೆ ದೊರೆಯದವನು. ಅವನಿಗೆ ಕೊಟ್ಟ ಹಣವು ಪ್ರಯಾಣದ ಖರ್ಚಾಗುವುದೇ ಹೊರತು ನಿರುದ್ಯೋಗದ ಪರಿಹಾರವಾಗುವುದಿಲ್ಲ.

ನೆರೆಯವರಿಗೆ ಹೌದು ಎಂದವರೂ ಇಲ್ಲ ಎಂದವರೂ ತಿಳಿದೋ ತಿಳಿಯದೆಯೋ ಈ ಎರಡು ಪಕ್ಷಗಳನ್ನೇ ಹಿಡಿದಿದ್ದರು. ಇವೆರಡರ ಬಲಾಬಲವನ್ನು ನಿರ್ಣಯಿಸುವುದಕ್ಕೆ ಮುಂಚೆ, ಉಪಸ್ಥಿತಿಗೂ ಹಣಕ್ಕೂ ಇರುವ ಸಂಬಂಧವನ್ನು ಪ್ರಾಚೀನರೂ ಅನ್ಯದೇಶೀಯರೂ ಹೇಗೆ ಕಂಡರೆಂಬುದನ್ನು ನೋಡಬೇಕು.

೫. ಪ್ರಾಚೀನರ ವಿಚಾರ

ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ೧೯೦೫ರಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಪ್ರಕಟಿತವಾದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ಭೃತಕರನ್ನು ಕುರಿತ ಪ್ರಕರಣವೊಂದಿದೆ. ಅಲ್ಲಿ ಒಂದು ಸಣ್ಣ ವಾದ ನಡೆಯುತ್ತದೆ. ಕೆಲಸಕ್ಕೆ ಬಂದು ನಿಂತವನಿಂದ ಒಡೆಯನು ಕೆಲಸ ಮಾಡಿಸದಿದ್ದರೆ, ಆ ಕೆಲಸವು ಆದಂತೆಯೇ ಎಣಿಸಿ ಕೂಲಿ ಕೊಡಬೇಕೆಂದು ಪೂರ್ವಾಚಾರ್ಯರ ಮತ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ಕೂಲಿಯು ಮಾಡಿದ ಕೆಲಸಕ್ಕೇ ಹೊರತು ಮಾಡದುದಕ್ಕಲ್ಲವೆನ್ನುತ್ತಾನೆ. ಆದರೆ ಸ್ವಲ್ಪವಾದರೂ ಮಾಡಿಸಿ ಬಳಿಕ ನಿಲ್ಲಿಸಿದರೆ ಎಲ್ಲವೂ ಆದಂತೆಯೇ ಎಂದು ತಾನೂ ಒಪ್ಪುತ್ತಾನೆ.

ಈ ವಾದದಲ್ಲಿ ‘ಉಪಸ್ಥಿತ’ನಾಗಿರುವುದೇ ಮೂಲಬಿಂದು. ಬಂದು ನಿಂತವನ ವಿಷಯದಲ್ಲಿ ಮಾತ್ರ ವಾದವುಂಟು. ಬಾರದವನ ವಿಷಯದಲ್ಲಿ ಇಬ್ಬರಿಗೂ ವಾದವಿಲ್ಲ. ನಮ್ಮ ಲೇ-ಆಫ್ ವಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಆಚಾರ್ಯರು ಪೂರ್ಣವೇತನವೆಂದರು, ಕೌಟಿಲ್ಯನು ಏನೂ ಇಲ್ಲವೆಂದನು. ೧೯೫೩ರ ಶಾಸನಕಾರರು ಅರ್ಧವೆಂದರು. ಅವರು ಅರ್ಥಶಾಸ್ತ್ರವನ್ನು ನೋಡಿ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಪ್ರಶ್ನೆಯು ಒಂದೇ ಆಗಿದ್ದುದರಿಂದ ಉತ್ತರಗಳು ಒಂದೇ ದಾರಿಯ ಮೂರು ನಿಲುಗಡೆಗಳಾದುವೆಂದಷ್ಟೇ ನನ್ನ ಅಭಿಪ್ರಾಯ.

ಇದಕ್ಕೆ ಪ್ರತಿಯಾಗಿ, ದೂರದಲ್ಲಿದ್ದರೂ ನಶಿಸದ ಹಕ್ಕನ್ನೂ ಧರ್ಮಶಾಸ್ತ್ರವು ಬಲ್ಲುದು. ದೇಶಾಂತರಕ್ಕೆ ಹೋದ ದಾಯಾದನ ವಂಶದವರು ಏಳನೆಯ ತಲೆಯವರೆಗೂ ಹಿಂದಿರುಗಿ ಬಂದು ತಮ್ಮ ಅಂಶವನ್ನು ಪಡೆಯಬಹುದೆಂದು ಬೃಹಸ್ಪತಿಯ ಮತವಿದೆ. ದಾಯವು ಸ್ವತ್ವದಿಂದ ಬಂದುದು. ಅದಕ್ಕೆ ಉಪಸ್ಥಿತಿ ಬೇಕಿಲ್ಲ. ಭೃತಿಯು ಕೆಲಸದಿಂದ ಬಂದುದು. ಅದಕ್ಕೆ ಉಪಸ್ಥಿತಿ ಬೇಕು. ಮನುಸ್ಮೃತಿಯಾದರೋ ಭೃತಿಯಲ್ಲಿಯೂ ಒಂದು ವಿವೇಕವನ್ನು ತೋರಿಸಿದೆ: ದರ್ಪದಿಂದ ಕೆಲಸ ಬಿಟ್ಟವನಿಗೆ ದಂಡವಿದೆ, ಕೂಲಿಯಿಲ್ಲ, ರೋಗದಿಂದ ನಿಂತು, ವಾಸಿಯಾದ ಬಳಿಕ ಒಪ್ಪಿದಂತೆ ಕೆಲಸವನ್ನು ಮುಗಿಸಿಕೊಟ್ಟವನಿಗೆ ದೀರ್ಘಕಾಲ ಕಳೆದಿದ್ದರೂ ಕೂಲಿ ಸಲ್ಲುತ್ತದೆ.

ಹೀಗಿರಲು ನಿರುದ್ಯೋಗಭತ್ಯೆಯು ದಾಯದಂತೆಯೋ ಭೃತಿಯಂತೆಯೋ ಎಂದು ಕೇಳಬೇಕಾಗುತ್ತದೆ. ಅದು ಎರಡರ ನಡುವೆ ನಿಂತಿದೆ. ವಂತಿಗೆ ಕಟ್ಟಿ ಪಡೆದುದಾದುದರಿಂದ ಸ್ವತ್ವದ ಅಂಶವುಂಟು. ದಿನದಿನದ ಸ್ಥಿತಿಯನ್ನು ಅವಲಂಬಿಸಿರುವುದರಿಂದ ಭೃತಿಯ ಅಂಶವುಂಟು. ಶುದ್ಧವಾದ ಸ್ವತ್ವಕ್ಕೆ ಇಂದಿನ ಉದಾಹರಣೆ ಬೇಕಾದರೆ ಭವಿಷ್ಯನಿಧಿಯನ್ನು ನೋಡಬಹುದು. ೧೯೫೨ರ ಭವಿಷ್ಯನಿಧಿ ಯೋಜನೆಯು, ವಿದೇಶದಲ್ಲಿ ನೆಲಸುವುದಕ್ಕೋ ಕೆಲಸಕ್ಕೋ ಹೊರಡುವವನಿಗೆ ಅವನ ಮೊತ್ತವನ್ನೆಲ್ಲಾ ಹಿಂದಕ್ಕೆ ಪಡೆಯುವ ಅವಕಾಶವನ್ನಿತ್ತಿತು. ಅಲ್ಲಿ ದೇಶ ಬಿಡುವುದೇ ಹಣ ಕೊಡುವುದಕ್ಕೆ ನಿಮಿತ್ತ. ನಿರುದ್ಯೋಗಭತ್ಯೆಯಲ್ಲಿ ಅದೇ ಹಣ ತಡೆಯುವುದಕ್ಕೆ ನಿಮಿತ್ತವಾಗಬಹುದು. ಕಾರಣವು ಪ್ರಯಾಣದಲ್ಲಿಲ್ಲ, ಹಣದ ಸ್ವಭಾವದಲ್ಲಿದೆ.

೬. ಅನ್ಯದೇಶಗಳ ವಿಧಿಗಳು

ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯವಾದ ನಿರುದ್ಯೋಗವಿಮೆಯನ್ನು ಮೊದಲು ತಂದುದು ಬ್ರಿಟನ್ನಿನ ೧೯೧೧ರ ರಾಷ್ಟ್ರೀಯ ವಿಮಾ ಕಾನೂನು. ಕಟ್ಟಡ, ಹಡಗುಕಟ್ಟುವಿಕೆ ಮೊದಲಾದ ಕೆಲವು ಕಸುಬಿನವರಿಗೆ ವಾರಕ್ಕೆ ೭ ಷಿಲಿಂಗುಗಳಂತೆ, ವರ್ಷದಲ್ಲಿ ೧೫ ವಾರಗಳಿಗೆ ಮೀರದಂತೆ, ಅದು ಭತ್ಯೆ ಕೊಟ್ಟಿತು. ಕೆಲಸಮಾಡಲು ಶಕ್ತನಾಗಿದ್ದು ತಕ್ಕ ಕೆಲಸ ದೊರೆಯದಿರಬೇಕೆಂಬುದು ಅಲ್ಲಿಯ ಅರ್ಹತೆ. ತಾತ್ಕಾಲಿಕವಾಗಿಯೇ ಆಗಲಿ ಶಾಶ್ವತವಾಗಿಯೇ ಆಗಲಿ ರಾಜ್ಯದ ಹೊರಗೆ ವಾಸಿಸುವಷ್ಟು ಕಾಲ ಅವನು ಅನರ್ಹನೆಂದೂ ಅದರಲ್ಲಿಯೇ ಬರೆದಿದ್ದಿತು. ‘ಅಷ್ಟು ಕಾಲ’ ಎಂಬುದನ್ನು ಗಮನಿಸಬೇಕು. ಅನರ್ಹತೆಯು ಕಾಲಕ್ಕೆ ಕಟ್ಟುಬಿದ್ದಿದೆ. ಹಕ್ಕಿನ ಬೇರನ್ನು ಕತ್ತರಿಸಿಲ್ಲ.

೧೯೫೨ರಲ್ಲಿ ಜಿನೀವದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಅಂಗೀಕರಿಸಿದ ೧೦೨ನೆಯ ಒಡಂಬಡಿಕೆಯು ಸಾಮಾಜಿಕ ಭದ್ರತೆಯ ಕನಿಷ್ಠ ಮಟ್ಟವನ್ನು ಗೊತ್ತುಮಾಡುತ್ತದೆ. ಅದರ ೬೯ನೆಯ ವಿಧಿಯಲ್ಲಿ, ವ್ಯಕ್ತಿಯು ದೇಶದ ಹೊರಗಿರುವಷ್ಟು ಕಾಲ ಭತ್ಯೆಯನ್ನು ತಡೆಹಿಡಿಯಬಹುದೆಂದಿದೆ. ತಡೆಹಿಡಿಯಬಹುದು ಎಂದಿದೆಯೇ ಹೊರತು ರದ್ದುಮಾಡಬೇಕು ಎಂದಿಲ್ಲ.

ಐರೋಪ್ಯ ಒಕ್ಕೂಟದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವರು. ೨೦೦೪ರ ೮೮೩ನೆಯ ನಿಯಮದಂತೆ, ಕೆಲಸ ಕಳೆದುಕೊ೦ಡವನು ಸಾಮಾನ್ಯವಾಗಿ ನಾಲ್ಕು ವಾರ ತನ್ನ ದೇಶದ ಉದ್ಯೋಗ ಕಚೇರಿಗೆ ದೊರೆಯುವಂತಿದ್ದು, ಬಳಿಕ ಕೆಲಸ ಹುಡುಕುವುದಕ್ಕಾಗಿ ಮತ್ತೊಂದು ಸದಸ್ಯರಾಷ್ಟ್ರಕ್ಕೆ ಹೋಗಬಹುದು. ಅಲ್ಲಿ ಏಳು ದಿನದೊಳಗೆ ಹೆಸರು ನೋಂದಾಯಿಸಿದರೆ ಮೂರು ತಿಂಗಳು ಭತ್ಯೆಯು ಅವನನ್ನು ಹಿಂಬಾಲಿಸುತ್ತದೆ. ಅದನ್ನು ಆರು ತಿಂಗಳವರೆಗೆ ವಿಸ್ತರಿಸಲೂಬಹುದು. ಇಲ್ಲಿ ಉಪಸ್ಥಿತಿಯ ತತ್ತ್ವವನ್ನು ಬಿಟ್ಟಿಲ್ಲ. ಉಪಸ್ಥಿತನಾಗಬೇಕಾದ ಸ್ಥಳವನ್ನು ಬದಲಾಯಿಸಿದ್ದಾರೆ.

ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಎರಡು ನಾಡುಗಳನ್ನೂ ನೋಡೋಣ. ಸಂಯುಕ್ತ ಅರಬ್ ಎಮಿರೇಟುಗಳಲ್ಲಿ ೨೦೨೩ನೆಯ ಜನವರಿ ೧ರಿಂದ ನಿರುದ್ಯೋಗವಿಮೆಯು ಜಾರಿಗೆ ಬಂದಿತು. ಹನ್ನೆರಡು ತಿಂಗಳು ಸತತವಾಗಿ ಕಂತು ಕಟ್ಟಿದವನಿಗೆ ಮೂಲವೇತನದ ಶೇಕಡಾ ೬೦ರಂತೆ, ನಿಗದಿಯಾದ ಮಿತಿಯೊಳಗೆ, ಮೂರು ತಿಂಗಳವರೆಗೆ ಪರಿಹಾರವಿದೆ. ದೇಶವನ್ನು ಬಿಟ್ಟನೆಂದರೆ ಅಲ್ಲಿಗೆ ಪರಿಹಾರ ಮುಗಿಯುತ್ತದೆ. ಕರಾವಳಿಯಿಂದ ದುಬೈಗೆ ಹೋಗಿ ಕೆಲಸ ಕಳೆದುಕೊಂಡವನು ಊರಿಗೆ ಬರುವುದು ಸಹಜ. ಆದರೆ ವಿಮಾನ ಹತ್ತಿದೊಡನೆಯೇ ತಾನು ಕಂತು ಕಟ್ಟಿ ಕೊಂಡ ಫಲವನ್ನು ಬಿಟ್ಟಂತಾಗುತ್ತದೆ. ಅಮೆರಿಕದಲ್ಲಿ ಈ ವಿಮೆಯು ೧೯೩೫ರ ಸಾಮಾಜಿಕ ಭದ್ರತಾ ಕಾನೂನಿನಿಂದ ಮೊದಲ್ಗೊಂಡು ಆಯಾ ಸಂಸ್ಥಾನಗಳ ಆಡಳಿತದಲ್ಲಿದೆ. ಪಡೆಯುವವನು ಕೆಲಸಕ್ಕೆ ಶಕ್ತನಾಗಿರಬೇಕು, ದೊರೆಯುವಂತಿರಬೇಕು, ಸಕ್ರಿಯನಾಗಿ ಹುಡುಕುತ್ತಿರಬೇಕು ಎಂದು ೨೦೧೨ರಲ್ಲಿ ಒಕ್ಕೂಟದ ಕಾನೂನಿನಲ್ಲಿಯೇ ಸೇರಿಸಿದರು. ಸಮರ್ಥ, ಉಪಸ್ಥಿತ, ಅರ್ಥಿ: ನಮ್ಮ ಶಾಸ್ತ್ರದ ಶಬ್ದಗಳೇ ಅಲ್ಲಿ ಬೇರೆ ಉಡುಪಿನಲ್ಲಿ ನಿಂತಂತಿವೆ. ಎಚ್-೧ಬಿ ವೀಸಾದ ಮೇಲಿರುವವನಿಗೆ ಇನ್ನೊಂದು ಕಷ್ಟವುಂಟು. ೨೦೧೭ರಿಂದ ಜಾರಿಯಲ್ಲಿರುವ ನಿಯಮದಂತೆ ಕೆಲಸ ಹೋದ ಮೇಲೆ ಅವನಿಗೆ ಹೆಚ್ಚೆಂದರೆ ೬೦ ದಿನಗಳ ಗಡುವು. ಆ ದೇಶದಲ್ಲಿ ಉಪಸ್ಥಿತನಾಗಿರಬೇಕೆಂದು ಒಂದು ಕಾನೂನು ಹೇಳುತ್ತಿರುವಾಗಲೇ, ಉಪಸ್ಥಿತನಾಗಿರಕೂಡದೆಂದು ಮತ್ತೊಂದು ಹೇಳತೊಡಗುತ್ತದೆ.

೭. ಸಿದ್ಧಾಂತ

ಈಗ ನಮ್ಮ ಸಂಶಯಕ್ಕೆ ಬರೋಣ. ಜೈಮಿನಿಯ ಅಧಿಕಾರಾಧ್ಯಾಯದಲ್ಲಿ ಅಂಗವೈಕಲ್ಯವುಳ್ಳವನ ಪ್ರಶ್ನೆ ಬರುತ್ತದೆ. ವೈಕಲ್ಯವು ಚಿಕಿತ್ಸೆಯಿಂದ ನೀಗತಕ್ಕದ್ದಾದರೆ, ನೀಗಿಸಿಕೊಂಡು ಅವನು ಅಧಿಕಾರಿಯಾಗಬಹುದು. ನೀಗಲಾರದುದಾದರೆ ಮಾತ್ರ ಅಧಿಕಾರವಿಲ್ಲ. ಬಡವನ ವಿಷಯವೂ ಹಾಗೆಯೇ. ಧನವನ್ನು ಸಂಪಾದಿಸಿಕೊಳ್ಳಬಹುದಾದುದರಿಂದ ಬಡತನವು ಅಧಿಕಾರವನ್ನು ಕೆಡಿಸದು. ದೇಶಾಂತರವಾಸವು ನೀಗತಕ್ಕ ವೈಕಲ್ಯದ ಜಾತಿಗೆ ಸೇರಿದುದು. ಹಿಂದಿರುಗಿ ಬಂದೊಡನೆ ಅದು ಇಲ್ಲವಾಗುವುದು. ಆದುದರಿಂದ ಅಧಿಕಾರದ ನಾಶವೆಂಬುದು ಬೇರೆ, ಪ್ರತಿಬಂಧವೆಂಬುದು ಬೇರೆ. ೧೯೧೧ರ ಕಾನೂನೂ ೧೯೫೨ರ ಒಡಂಬಡಿಕೆಯೂ ಹೇಳಿದುದು ಪ್ರತಿಬಂಧವನ್ನೇ.

ಈ ವಿವೇಕದಿಂದ ನಮ್ಮ ಮೂರು ವಿಧಿಗಳ ನಿರ್ಣಯವು ಹೀಗಾಗುತ್ತದೆ.

ಲೇ-ಆಫ್ ಪರಿಹಾರದಲ್ಲಿ ದಿನದಿನದ ಉಪಸ್ಥಿತಿಯೇ ಫಲಕ್ಕೆ ಮೂಲ. ಬಾರದ ದಿನಕ್ಕೆ ಪರಿಹಾರವಿಲ್ಲ. ದೇಶಾಂತರಕ್ಕೆ ಹೋದವನಿಗೂ ಮಾಗಡಿ ರಸ್ತೆಯ ಮನೆಯಲ್ಲೇ ಕುಳಿತವನಿಗೂ ಇಲ್ಲಿ ಭೇದವಿಲ್ಲ, ಇಬ್ಬರೂ ಅನುಪಸ್ಥಿತರೇ.

ಯುವನಿಧಿಯಲ್ಲಿ ವಂತಿಗೆಯಿಲ್ಲ, ರಾಜ್ಯದ ನಿವಾಸಿಯೆಂಬುದೇ ಹಕ್ಕಿನ ಬೇರು. ವ್ಯಾಸಂಗಕ್ಕೆಂದು ಹೊರದೇಶಕ್ಕೆ ಹೋದವನಿಗೆ ವ್ಯಾಸಂಗವೇ ಬಾಧಕ. ನೆಲಸಲು ಹೋದವನಿಗೆ ನಿವಾಸವೇ ತಪ್ಪಿತು. ಅವನು ಘೋಷಣೆಯಲ್ಲಿ ಸತ್ಯವನ್ನೇ ಬರೆದರೆ ಭತ್ಯೆ ನಿಲ್ಲುತ್ತದೆ. ನಿಲ್ಲುವುದು ನ್ಯಾಯವೂ ಹೌದು.

ಇ. ಎಸ್. ಐ. ಯೋಜನೆಯಲ್ಲಿ, ಎರಡು ವರ್ಷದ ದುಡಿಮೆ ಮತ್ತು ವಂತಿಗೆಗಳೇ ಹಕ್ಕಿನ ಬೇರು. ಅನೈಚ್ಛಿಕವಾಗಿ ಕೆಲಸ ಹೋದುದೇ ನಿಮಿತ್ತ. ಮೊದಲನೆಯ ಪೂರ್ವಪಕ್ಷಿಯು ಹೇಳಿದ್ದರಲ್ಲಿ ಸತ್ಯವಿದೆ: ಬರೆಯದ ಸ್ಥಳನಿಯಮದಿಂದ ಬರೆದ ಹಕ್ಕನ್ನು ಕೆಡಿಸಲಾಗದು. ಎರಡನೆಯವನು ಹೇಳಿದ್ದರಲ್ಲಿಯೂ ಸತ್ಯವಿದೆ: ಹೊರಗೆ ಹೋಗಿ ಕೆಲಸಕ್ಕೆ ಸೇರಿದವನು ನಿರುದ್ಯೋಗಿಯಲ್ಲ, ಆ ದಿನದಿಂದ ಅವನಿಗೆ ಭತ್ಯೆ ಸಲ್ಲದು. ಆದರೆ ಮಗಳ ಬಾಣಂತನಕ್ಕೆ ಹೋದವನು ಕೆಲಸಕ್ಕೆ ಸೇರಿದವನಲ್ಲ. ಅವನ ವಿಷಯದಲ್ಲಿ ಹೆಚ್ಚೆಂದರೆ ಹೊರಗಿದ್ದ ದಿನಗಳಿಗೆ ಪ್ರತಿಬಂಧವನ್ನು ವಿಧಿಸಬಹುದು. ಅದನ್ನೂ ಬಾಯಿಬಿಟ್ಟು ವಿಧಿಸಿದ ಮೇಲೆ. ವಿಧಿಸದಿರುವಾಗ ಪ್ರಯಾಣಮಾತ್ರದಿಂದ ಅವನ ಅಧಿಕಾರವು ನಶಿಸುವುದೆನ್ನಲು ವಾಕ್ಯದ ಬಲವಿಲ್ಲವೆಂದು ನನ್ನ ನಿರ್ಣಯ. ಇದು ವಾಕ್ಯಾರ್ಥದ ನಿರ್ಣಯ; ಹಣವನ್ನು ಮಂಜೂರು ಮಾಡುವ ಅಧಿಕಾರವು ಕಚೇರಿಯದು, ಅದರ ಮೇಲೆ ನ್ಯಾಯಾಲಯದ್ದು.

ಇಲ್ಲಿ ಒಂದು ಶಂಕೆ ಬರಬಹುದು. ಹೀಗೆ ಒಪ್ಪಿದರೆ, ಕೆಲಸ ಹುಡುಕುವ ಮನಸ್ಸೇ ಇಲ್ಲದವರೂ ಹೊರದೇಶದಲ್ಲಿ ಕುಳಿತು ಭತ್ಯೆ ತಿನ್ನುವುದಿಲ್ಲವೆ ಎಂದು. ಅದಕ್ಕೆ ಸಮಾಧಾನವೇನೆಂದರೆ, ಜೀವಮಾನದಲ್ಲಿ ಒಂದೇ ಸಲ, ೯೦ ದಿನಗಳಿಗೆ, ಅರ್ಧಗಳಿಕೆಯಂತೆ ಕೊಡುವ ಹಣದ ಆಸೆಗೆ ಯಾರೂ ದೇಶ ಬಿಡುವುದಿಲ್ಲ. ವರ್ಷಗಟ್ಟಲೆ ಭತ್ಯೆ ಕೊಡುವ ನಾಡುಗಳು ವಾರವಾರವೂ ಹಾಜರಿ ಕೇಳುವುದು ಯುಕ್ತವೇ. ಅಲ್ಪವಾದ ಫಲಕ್ಕೆ ಅಷ್ಟೇ ಕಠಿನವಾದ ನಿಯಮವನ್ನು ಊಹಿಸಿಕೊಳ್ಳುವುದು ಯುಕ್ತವಲ್ಲ.

೮. ಸಂಗತಿ

ನೆರೆಯವರಿಗೆ ನಾನು ಓದಿದುದನ್ನು ಹೇಳಿದೆನು. ಅವರು ಕೇಳಿ, ಕಾಗದಗಳನ್ನು ಮಡಚಿಟ್ಟುಕೊಂಡು, “ನೀವು ಹೇಳುವುದು ಸರಿ ಇರಬಹುದು ಶಾಸ್ತ್ರಿಗಳೆ. ಆದರೆ ಆಮೇಲೆ ಯಾರಾದರೂ ಇಲ್ಲ ಅಂದರೆ ಬಾಡಿಗೆ ಯಾರು ಕಟ್ಟುತ್ತಾರೆ?” ಎಂದರು. ಅವರು ಹೋಗಲಿಲ್ಲ. ಹೆಂಡತಿ ಒಬ್ಬರೇ, ಅಂದಿನವರೆಗೆ ವಿಮಾನ ಹತ್ತದಿದ್ದವರು, ಬಾಣಂತನದ ಸಾಮಾನುಗಳ ಗಂಟಿನೊಡನೆ ಜರ್ಮನಿಗೆ ಹೋದರು. ಅಜ್ಜನು ಮೊಮ್ಮಗನ ಮುಖವನ್ನು ಫೋನಿನಲ್ಲಿ ನೋಡಿದನು. ನಿಷೇಧವಾಕ್ಯವಿಲ್ಲದಿದ್ದರೂ ನಿಷೇಧದ ಫಲವು ಹೀಗೆ ಒದಗಿತು. ವಿಧಿಯ ಮೌನವು ಬಲ್ಲವನಿಗೆ ಅವಕಾಶ, ಬಡವನಿಗೆ ಭಯ. ಇದು ವಾಕ್ಯಶಾಸ್ತ್ರದವರು ಲಕ್ಷಿಸಬೇಕಾದ ಸಂಗತಿ.

ಆದುದರಿಂದ ವಿಧಿಗಳನ್ನು ಬರೆಯುವವರಲ್ಲಿ ಒಂದು ವಾಕ್ಯದ ಕೊರತೆಯನ್ನು ತುಂಬಬೇಕೆಂದು ಅರಿಕೆ. ಹೊರದೇಶದಲ್ಲಿರುವ ದಿನಗಳಿಗೆ ಭತ್ಯೆ ಸಲ್ಲುವುದೋ, ತಡೆಹಿಡಿಯಲ್ಪಟ್ಟು ಹಿಂದಿರುಗಿದ ಮೇಲೆ ಸಲ್ಲುವುದೋ, ಇಲ್ಲವೋ ಎಂಬುದನ್ನು ನೇರವಾಗಿ ಬರೆದರೆ ಸಾಕು. ಯಾವ ಪಕ್ಷವನ್ನು ಬರೆದರೂ ಮನುಷ್ಯನು ಲೆಕ್ಕಹಾಕಿ ತನ್ನ ದಾರಿಯನ್ನು ಗೊತ್ತುಮಾಡಿಕೊಳ್ಳಬಲ್ಲನು. ಕನ್ನಡದ ಅಧ್ಯಾಪಕರಲ್ಲಿಯೂ ಒಂದು ಸೂಚನೆ: ಕಚೇರಿಯ ಕನ್ನಡದಲ್ಲಿ ‘ನಿರುದ್ಯೋಗಿ’ಗೆ ಬದಲಾಗಿ ‘ಉದ್ಯೋಗಾರ್ಥಿ’ ಎಂಬ ಪ್ರಯೋಗವು ಆಗಲೇ ಅಲ್ಲಲ್ಲಿ ಕಾಣುತ್ತಿದೆ. ಅದು ಕೇವಲ ಸೌಜನ್ಯದ ಮಾತಲ್ಲ. ಇಲ್ಲದುದನ್ನು ಹೇಳುವ ಶಬ್ದದ ಸ್ಥಾನದಲ್ಲಿ ಅದು ಅರ್ಥಿತ್ವವನ್ನು, ಎಂದರೆ ಅಧಿಕಾರದ ಮೊದಲನೆಯ ಲಕ್ಷಣವನ್ನು, ಇಡುತ್ತದೆ. ಅಂತಹವನು ದೇಶದಲ್ಲಿದ್ದರೂ ದೇಶಾಂತರದಲ್ಲಿದ್ದರೂ, ಕೇಳಬೇಕಾದ ಪ್ರಶ್ನೆಯು ಅವನು ಎಲ್ಲಿದ್ದಾನೆಂಬುದೊಂದೇ ಅಲ್ಲ, ಯಾವುದಕ್ಕೆ ಅರ್ಥಿಯಾಗಿದ್ದಾನೆಂಬುದೂ ಹೌದೆಂದು ಆ ಶಬ್ದವೇ ನೆನಪುಮಾಡಿಕೊಡುತ್ತದೆ.